ಕೈತೋಟ ಪ್ರಶ್ನೋತ್ತರ: ಮಳೆಗೆ ಮುಂಚೆ ಗೆಲ್ಲು ಸವರುವವರಿಗೆ

ಮೇ ತಿಂಗಳು ಬಂತೆಂದರೆ ಮುಂಬೈ, ಪುಣೆ, ಗೋವಾದ ಓದುಗರ ಪತ್ರಗಳಲ್ಲಿ ಕೊಂಬೆ ಸವರುವುದರದ್ದೇ ಮಾತು. ಈ ಸಲ ಬಹಳ ಮಂದಿ ಕೇಳಿರುವುದು ಬ್ಯಾಟರಿಯಿಂದ ನಡೆಯುವ ಲಾಪರ್, ಅಂದರೆ ಕೊಂಬೆ ಕತ್ತರಿಸುವ ಯಂತ್ರದ ಬಗ್ಗೆ. ಒಂದೇ ತೆರನಾದ ಪ್ರಶ್ನೆಗಳನ್ನು ಒಟ್ಟು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮ ಸೊಸೈಟಿಯ ಕಾಂಪೌಂಡಿನಲ್ಲಿ ದಾಸವಾಳ, ಕಾಗದದ ಹೂವಿನ ಪೊದೆ, ಎರಡು ನುಗ್ಗೆ, ಒಂದು ಗುಲ್‌ಮೊಹರ್ ಇವೆ. ಅಂಗಡಿಯವರು ಕತ್ತರಿಯಂಥದ್ದು, ಚೈನ್ ಇರುವಂಥದ್ದು ಎರಡನ್ನೂ ತೋರಿಸಿದರು. ಯಾವುದನ್ನು ಕೊಳ್ಳಬೇಕು? – ಮುಲುಂಡ್

ಉತ್ತರ: ನೀವು ಹೇಳಿದ ಗಿಡಗಳಲ್ಲಿ ಮುಕ್ಕಾಲು ಪಾಲು ಕೆಲಸ ಕತ್ತರಿಯದ್ದು. ಬ್ಯಾಟರಿ ಕತ್ತರಿ ಸಾಮಾನ್ಯವಾಗಿ 25ರಿಂದ 40 ಮಿ.ಮೀ. ದಪ್ಪದವರೆಗೆ ಕತ್ತರಿಸುತ್ತದೆ. ಪೆಟ್ಟಿಗೆಯ ಮೇಲೆ 30 ಎಂದಿದ್ದರೆ ಹಸಿ ದಾಸವಾಳದಲ್ಲಿ ಅದು ನಿಜ. ಒಣಗಿ ಗಟ್ಟಿಯಾದ ಕಾಗದದ ಹೂವಿನ ಕಾಂಡದಲ್ಲಿ 20 ಎಂದುಕೊಳ್ಳಿ.

ಚೈನ್ ಇರುವುದರಲ್ಲಿ ಎರಡು ಜಾತಿ. ಒಂದಕ್ಕೆ ದವಡೆ ಇರುತ್ತದೆ. ಎರಡೂ ಹಿಡಿಗಳನ್ನು ಕೈಗಳಿಂದ ಒತ್ತಿದಾಗ ಕೊಂಬೆಯನ್ನು ಕಚ್ಚಿ ಹಿಡಿದು ಕೊಯ್ಯುತ್ತದೆ. ಚೈನಿನ ಸುತ್ತ ರಕ್ಷಣೆಯಿದ್ದು, ಸುಮಾರು 100 ಮಿ.ಮೀ.ವರೆಗಿನ ಕೊಂಬೆಗೆ ಆಗುತ್ತದೆ. ಇನ್ನೊಂದು 4 ಅಥವಾ 6 ಇಂಚಿನ ಬಾರ್ (ಚೈನ್ ಸುತ್ತುವ ಚಪ್ಪಟೆ ಪಟ್ಟಿ) ಇರುವ ಪುಟ್ಟ ಚೈನ್ ಗರಗಸ. ಅಗ್ಗ, ಹಗುರ, ಎಲ್ಲೆಡೆ ಸಿಗುತ್ತದೆ. ಆದರೆ ಬಾರಿನ ತುದಿಯ ಮೇಲ್ಭಾಗ ಕೊಂಬೆಗೆ ತಾಗಿದರೆ ಗರಗಸ ಮೇಲಕ್ಕೂ ಹಿಂದಕ್ಕೂ, ಅಂದರೆ ನಿಮ್ಮ ಮುಖದ ಕಡೆಗೇ ಚಿಮ್ಮುತ್ತದೆ. ಒಂದೇ ಕೈಯಲ್ಲಿ ಹಿಡಿಯಬಹುದೆಂದು ಜಾಹೀರಾತು ತೋರಿಸಿದರೂ ಎರಡೂ ಕೈಗಳಿಂದಲೇ ಹಿಡಿಯಬೇಕು. ಹೊಸಬರಿಗೆ ನಮ್ಮ ಆಯ್ಕೆ ದವಡೆಯದ್ದೇ.

ದಪ್ಪದ ಲೆಕ್ಕ ಸರಿಯಾಗಿ ತಿಳಿದಿರಲಿ. 10 ಸೆಂ.ಮೀ. ಕೊಂಬೆಯಲ್ಲಿ ಕೊಯ್ಯಬೇಕಾದ ಮರ 5 ಸೆಂ.ಮೀ. ಕೊಂಬೆಯದ್ದರ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಬ್ಯಾಟರಿಯೂ ಅಷ್ಟೇ ಬೇಗ ಇಳಿಯುತ್ತದೆ. ನೆಲದ ಮೇಲೆ ನಿಂತು, ಭುಜದ ಎತ್ತರದೊಳಗೆ, ಮಣಿಕಟ್ಟಿನ ದಪ್ಪದ ಕೊಂಬೆ: ಮನೆಯವರ ಕೈಕೆಲಸ ಇಷ್ಟಕ್ಕೆ ನಿಲ್ಲಬೇಕು. ಏಣಿ ಹತ್ತಿ ಲಾಪರ್ ಓಡಿಸಬೇಡಿ. ಎರಡೂ ಕೈ ಯಂತ್ರದ ಮೇಲಿದ್ದರೆ ಏಣಿ ಹಿಡಿಯಲು ಕೈ ಉಳಿಯುವುದಿಲ್ಲ. ಗುಲ್‌ಮೊಹರ್‌ನ ಮರ ಪೆಡಸು, ಸೂಚನೆ ಕೊಡದೆ ಲಟಕ್ಕನೆ ಮುರಿಯುತ್ತದೆ. ಅದನ್ನು ಹಗ್ಗ ಕಟ್ಟಿ ಇಳಿಸಬಲ್ಲ, ಮರ ಹತ್ತುವ ಕೆಲಸಗಾರರಿಗೇ ಬಿಡಿ.

ಪ್ರಶ್ನೆ: ನಮ್ಮದೇ ಜಾಗದ ಮರದ ಕೊಂಬೆ ಸವರಲೂ ಅನುಮತಿ ಬೇಕೆಂದು ಪಕ್ಕದ ಸೊಸೈಟಿಯವರು ಹೇಳುತ್ತಾರೆ. ನಿಜವೇ? – ಡೊಂಬಿವಲಿ

ಉತ್ತರ: ನಿಜ. ಮಹಾರಾಷ್ಟ್ರದ ನಗರ ಪ್ರದೇಶಗಳ ಮರ ಸಂರಕ್ಷಣೆ ಕಾಯಿದೆ 1975ರದ್ದು. ಅದರಲ್ಲಿ ಮರ ಕಡಿಯುವುದೆಂದರೆ ಬುಡಕ್ಕೆ ಕೊಡಲಿ ಹಾಕುವುದಷ್ಟೇ ಅಲ್ಲ. ಸುಡುವುದು, ಕತ್ತರಿಸುವುದು, ಯಾವುದೇ ರೀತಿ ಹಾನಿ ಮಾಡುವುದು ಎಲ್ಲವೂ ಸೇರುತ್ತದೆ. ಜಾಗ ಖಾಸಗಿಯಾದರೂ ಕಾಯಿದೆ ಅನ್ವಯಿಸುತ್ತದೆ. ನಗರಪಾಲಿಕೆಯ ಉದ್ಯಾನ ವಿಭಾಗಕ್ಕೆ ಮರದ ಫೋಟೋ, ಅದು ಇರುವ ಜಾಗ, ಯಾವ ಕೊಂಬೆ, ಯಾವ ಕಾರಣಕ್ಕೆ ಎಂದು ಬರೆದು ಸೊಸೈಟಿಯ ಲೆಟರ್‌ಹೆಡ್‌ನಲ್ಲಿ ಅರ್ಜಿ ಕೊಡಿ. ಮಳೆ ಬಾಗಿಲಿಗೆ ಬಂದಾಗ ಎಲ್ಲರೂ ಓಡುತ್ತಾರೆ, ನೀವು ಮಾರ್ಚ್‌ನಲ್ಲೇ ಕೊಟ್ಟುಬಿಡಿ. ದಾಸವಾಳ, ಕಣಗಿಲೆ, ಬೇಲಿಗಿಡಗಳ ಮಟ್ಟಸ ಮಾಡುವ ಕೆಲಸ ಬೇರೆ ಮಾತು.

ಗೋವಾದ ಓದುಗರಿಗೆ: ಅಲ್ಲಿ 1984ರ ಕಾಯಿದೆಯಿದೆ, ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು.

ಇನ್ನೊಂದು ಮಾತು. ಏಪ್ರಿಲ್‌ನಿಂದ ಜೂನ್‌ವರೆಗೆ ಕಾಗೆಗಳು ಗೂಡು ಕಟ್ಟಿರುತ್ತವೆ. ಕೊಯ್ಯುವ ಮುಂಚೆ ಮರದ ಸುತ್ತ ಬಂದು ನೋಡಿ. ಮೊಟ್ಟೆ ಮರಿ ಇದ್ದರೆ ಆ ಕೊಂಬೆಯನ್ನು ಬಿಟ್ಟುಬಿಡಿ.

ಪ್ರಶ್ನೆ: 6 ಇಂಚಿನ ಬ್ಯಾಟರಿ ಗರಗಸದ ಚೈನ್ ಪದೇ ಪದೇ ಕಳಚುತ್ತದೆ. ಹೊಸ ಚೈನ್ ಹಾಕಿದ ಮೇಲೆ ಹೊಗೆ ಬರುತ್ತದೆಯೇ ಹೊರತು ಕೊಂಬೆ ಕೊಯ್ಯುವುದಿಲ್ಲ. ಯಂತ್ರ ಕೆಟ್ಟಿದೆಯೇ? – ಕೋಥ್ರೂಡ್, ಪುಣೆ

ಉತ್ತರ: ಕೆಟ್ಟಿರಲಿಕ್ಕಿಲ್ಲ. ಹೊಸ ಚೈನ್ ಹಾಕಿದ ಕೂಡಲೇ ಹೊಗೆ ಬಂತೆಂದರೆ ಮೊದಲ ಅನುಮಾನ, ಚೈನ್ ತಿರುಗುಮುರುಗಾಗಿ ಕೂತಿದೆ ಎಂದು. ಬ್ಯಾಟರಿ ತೆಗೆದಿಟ್ಟು ಬಾರಿನ ಮೇಲಂಚನ್ನು ನೋಡಿ. ಅಲ್ಲಿ ಹಲ್ಲುಗಳ ಹರಿತವಾದ ಮುಖ ಬಾರಿನ ತುದಿಯ ಕಡೆ ಇರಬೇಕು. ನಿಮ್ಮ ಕಡೆ ಇದ್ದರೆ ಹಲ್ಲಿನ ಬೆನ್ನು ಮರವನ್ನು ಉಜ್ಜುತ್ತಿದೆ, ಅದಕ್ಕೇ ಹೊಗೆ.

ಕಳಚುವುದಕ್ಕೆ ಮುಖ್ಯ ಕಾರಣ ಸಡಿಲ. ಬಿಗಿ ಮಾಡುವ ಕ್ರಮ ಹೀಗೆ: ಚೈನ್ ತಣ್ಣಗಿರುವಾಗ ಪಕ್ಕದ ಮುಚ್ಚಳದ ನಟ್ಟನ್ನು ಅರ್ಧ ಸುತ್ತು ಸಡಿಲಿಸಿ. ಬಾರಿನ ತುದಿಯನ್ನು ಬೆರಳಿನಿಂದ ಮೇಲಕ್ಕೆತ್ತಿ ಹಿಡಿದು ಬಿಗಿಯುವ ಸ್ಕ್ರೂ ತಿರುಗಿಸಿ. ತುದಿಯನ್ನು ಎತ್ತಿ ಹಿಡಿದಂತೆಯೇ ನಟ್ಟು ಬಿಗಿಯಿರಿ. ತುದಿ ಬಿಟ್ಟು ಬಿಗಿದರೆ ಮೊದಲ ಕೊಂಬೆಗೇ ಬಾರ್ ಮೇಲೆದ್ದು ಚೈನ್ ಮತ್ತೆ ಜೋಲುತ್ತದೆ. ಬಹಳ ಜನ ಎಡವುವುದು ಇಲ್ಲೇ. ಈಗ ಬಾರಿನ ನಡುವೆ ಚೈನನ್ನು ಎಳೆದು ನೋಡಿ. ಒಳಗಿನ ಮಾರ್ಗದರ್ಶಿ ಹಲ್ಲುಗಳು ಬಾರಿನ ಅಂಚಿನ ಸೀಳಿನಿಂದ ಪೂರ್ತಿ ಹೊರಗೆ ಬರಬಾರದು, ಆದರೆ ಕೈಗವಸು ತೊಟ್ಟ ಕೈಯಿಂದ ಎಳೆದರೆ ಚೈನ್ ಸಲೀಸಾಗಿ ಸುತ್ತಬೇಕು. ಹೊಸ ಚೈನ್ ಮೊದಲ ಕೆಲವು ನಿಮಿಷಗಳಲ್ಲೇ ಹಿಗ್ಗುತ್ತದೆ. ಎರಡು ಮೂರು ಕೊಂಬೆ ಕೊಯ್ದು ಆರಲು ಬಿಟ್ಟು ಮತ್ತೆ ಬಿಗಿಯಿರಿ. ಬಿಸಿಯಿದ್ದಾಗ ಬಿಗಿದರೆ ತಣ್ಣಗಾದ ಮೇಲೆ ಕುಗ್ಗಿ ಬಾರನ್ನು ಹಿಂಡುತ್ತದೆ.

ಬಿಗಿ ಸರಿಯಿದ್ದೂ ಕಳಚಿದರೆ ಚೈನೇ ಅಳತೆಯದ್ದಲ್ಲದಿರಬಹುದು. ಈ ಪುಟ್ಟ ಗರಗಸಗಳಿಗೆ ಸಾಮಾನ್ಯವಾಗಿ ಕಾಲು ಇಂಚಿನ ಪಿಚ್ (ಕೊಂಡಿಗಳ ನಡುವಿನ ಅಂತರ), 1.1 ಮಿ.ಮೀ. ಗೇಜ್ (ಮಾರ್ಗದರ್ಶಿ ಹಲ್ಲಿನ ದಪ್ಪ) ಇರುತ್ತದೆ. 4 ಇಂಚಿನದಕ್ಕೆ ಹೆಚ್ಚಾಗಿ 28, 6 ಇಂಚಿನದಕ್ಕೆ 37 ಮಾರ್ಗದರ್ಶಿ ಹಲ್ಲುಗಳು. ‘6 ಇಂಚು’ ಎಂದಷ್ಟೇ ನೋಡಿ ತರಿಸಬೇಡಿ, ಹಳೆಯ ಚೈನಿನ ಮಾರ್ಗದರ್ಶಿ ಹಲ್ಲುಗಳನ್ನು ಎಣಿಸಿಯೇ ತರಿಸಿ. ಒಮ್ಮೆ ಕಳಚಿದ ಚೈನಿನ ಮಾರ್ಗದರ್ಶಿ ಹಲ್ಲುಗಳು ಚೈನ್ ತಿರುಗಿಸುವ ಚಕ್ರಕ್ಕೆ ಬಡಿದು ಅಂಚು ಎದ್ದಿರುತ್ತವೆ. ಆ ಅಂಚನ್ನು ಚಪ್ಪಟೆ ಅರದಿಂದ ತೆಗೆಯದಿದ್ದರೆ ಬಾರಿನ ಸೀಳಿನಲ್ಲಿ ಕೂರದೆ ಮತ್ತೆ ಕಳಚುತ್ತದೆ. ಪೆನ್ಸಿಲ್‌ಗಿಂತ ಸಣ್ಣ ಕಡ್ಡಿಗಳಿಗೆ ಚೈನ್ ತಾಗಿಸುವುದೂ ಕಾರಣ: ಅವು ಕೊಯ್ಯಿಸಿಕೊಳ್ಳದೆ ಒಳಕ್ಕೆ ಎಳೆದುಕೊಂಡು ಹೋಗುತ್ತವೆ. ಅಂಥವಕ್ಕೆ ಕೈಕತ್ತರಿ ಸಾಕು.

ಎಣ್ಣೆಯ ವಿಷಯ. ಅಗ್ಗದ ಗರಗಸಗಳಲ್ಲಿ ಎಣ್ಣೆ ತಾನಾಗಿ ಹರಿಯುವ ಏರ್ಪಾಟು ಇರುವುದಿಲ್ಲ. ಹತ್ತು ನಿಮಿಷದ ಕೆಲಸಕ್ಕೊಮ್ಮೆ ಬ್ಯಾಟರಿ ತೆಗೆದು, ಬಾರಿನ ಮೇಲೆ ನಾಲ್ಕೈದು ಹನಿ ಬಿಟ್ಟು ಚೈನನ್ನು ಕೈಯಿಂದ ಒಂದು ಸುತ್ತು ಎಳೆಯಿರಿ. ಚೈನ್ ಎಣ್ಣೆ ಸಿಗದಿದ್ದರೆ ಎಸ್‌ಎಇ 30 ದರ್ಜೆಯ ಹೊಸ ಎಂಜಿನ್ ಎಣ್ಣೆ ಆಗುತ್ತದೆ. ಹೊಲಿಗೆ ಯಂತ್ರದ ಎಣ್ಣೆ ತೆಳು, ಚೈನ್ ಸುತ್ತಿದೊಡನೆ ಸಿಡಿದುಹೋಗುತ್ತದೆ. ಗ್ಯಾರೇಜಿನಿಂದ ಬಳಸಿದ ಎಣ್ಣೆ ತರಬೇಡಿ. ಅದರಲ್ಲಿ ಲೋಹದ ಪುಡಿಯಿರುತ್ತದೆ, ಮಣ್ಣಿಗೂ ವಿಷ.

ಹರಿತ ಹೋಗಿದೆಯೇ ಎಂದು ತಿಳಿಯಲು ನೆಲಕ್ಕೆ ಬಿದ್ದದ್ದನ್ನು ನೋಡಿ. ಚಕ್ಕೆಯಂತೆ ಬಿದ್ದರೆ ಸರಿ. ಹಿಟ್ಟಿನಂತೆ ಬಿದ್ದರೆ ಹಲ್ಲು ಮೊಂಡಾಗಿದೆ. ಕೊಯ್ತ ಒಂದೇ ಕಡೆಗೆ ವಾಲಿದರೆ ಆ ಸಾಲಿನ ಹಲ್ಲುಗಳಿಗಿಂತ ಎದುರು ಸಾಲು ಮೊಂಡು; ಮೊಳೆಗೋ ಗೋಡೆಗೋ ತಾಗಿರುತ್ತದೆ. 4 ಮಿ.ಮೀ. ದುಂಡು ಅರದಿಂದ, 30 ಡಿಗ್ರಿ ಓರೆಯಲ್ಲಿ, ಒಳಗಿನಿಂದ ಹೊರಕ್ಕೆ ಮಾತ್ರ ತಳ್ಳಿ. ಪ್ರತಿ ಹಲ್ಲಿಗೂ ಅಷ್ಟೇ ಸಲ, ಮೂರಾದರೆ ಎಲ್ಲಕ್ಕೂ ಮೂರೇ.

ಪ್ರಶ್ನೆ: ‘48 ವೋಲ್ಟ್, 4 ಆಂಪಿಯರ್‌ಅವರ್’ ಎಂದು ಬರೆದಿರುವ ಬ್ಯಾಟರಿ. ದಪ್ಪ ಕೊಂಬೆಗೆ ಹಾಕಿದರೆ ಗಕ್ಕನೆ ನಿಲ್ಲುತ್ತದೆ, ಕೈ ಬಿಟ್ಟರೆ ಮತ್ತೆ ಓಡುತ್ತದೆ. – ಧಾಯರಿ, ಪುಣೆ

ಉತ್ತರ: ನಿಲ್ಲಿಸುತ್ತಿರುವುದು ಬ್ಯಾಟರಿಯೊಳಗಿನ ರಕ್ಷಣಾ ಸರ್ಕ್ಯೂಟ್. ಮೋಟಾರ್ ಅತಿಯಾಗಿ ಕರೆಂಟ್ ಎಳೆದಾಗ ಅದು ಕಡಿದುಹಾಕುತ್ತದೆ. ಮೊಂಡು ಚೈನ್, ಅತಿ ಬಿಗಿ, ಎಣ್ಣೆಯಿಲ್ಲದಿರುವುದು, ಭಾರ ಹಾಕಿ ಒತ್ತುವುದು ಇವೇ ಕಾರಣ. ಚೈನ್ ಪೂರ್ತಿ ವೇಗಕ್ಕೆ ಬಂದ ಮೇಲೆ ಕೊಂಬೆಗೆ ತಾಗಿಸಿ, ಯಂತ್ರದ ಭಾರದಿಂದಲೇ ಕೊಯ್ಯಲು ಬಿಡಿ.

ಇನ್ನು ಆ ಬರಹ. ಚಾರ್ಜರ್ ಮೇಲೆ ಔಟ್‌ಪುಟ್ ಎಷ್ಟಿದೆ ನೋಡಿ. 21 ವೋಲ್ಟ್ ಎಂದಿದ್ದರೆ ಸರಣಿಯಲ್ಲಿ ಐದು ಸೆಲ್‌ಗಳಿವೆ ಎಂದರ್ಥ: ಪೂರ್ತಿ ಚಾರ್ಜ್ ಆದಾಗ ತಲಾ 4.2 ವೋಲ್ಟ್, ಕೆಲಸದಲ್ಲಿ ತಲಾ 3.6, ಒಟ್ಟು 18. 18, 20, 21 ಎಂದು ಮಾರುವ ಬ್ಯಾಟರಿಗಳೆಲ್ಲ ಹೆಚ್ಚಾಗಿ ಇದೇ. 48, 88 ಎಂಬುದು ಬರೀ ಅಂಟಿಸಿದ ಅಂಕಿ. ಆಂಪಿಯರ್‌ಅವರ್, ಅಂದರೆ ಬ್ಯಾಟರಿ ಎಷ್ಟು ಚಾರ್ಜ್ ಹಿಡಿದಿಡುತ್ತದೆ ಎಂಬ ಅಂಕಿ, ನಿಜವೇ ಎಂದು ಅಡುಗೆಮನೆಯ ತಕ್ಕಡಿಯಲ್ಲಿ ಪರೀಕ್ಷಿಸಬಹುದು. ಸಾಮಾನ್ಯವಾದ 18650 ಎಂಬ ಅಳತೆಯ ಸೆಲ್ ಒಂದಕ್ಕೆ 45 ಗ್ರಾಂ ಆಸುಪಾಸು. 2 ಆಂಪಿಯರ್‌ಅವರ್‌ನ ಸೆಲ್‌ಗಳಿಂದ 4 ಕಟ್ಟಬೇಕಾದರೆ ಹತ್ತು ಬೇಕು, ಅವೇ 450 ಗ್ರಾಂ ಆಗುತ್ತವೆ. ದೊಡ್ಡ 21700 ಸೆಲ್ ಐದೇ ಹಾಕಿದರೂ 350 ಗ್ರಾಂ. ಹೊರಕವಚವೂ ಸೇರಿ 300 ಗ್ರಾಂ ಮಾತ್ರ ತೂಗಿದರೆ ಒಳಗೆ ಅಷ್ಟು ಶಕ್ತಿ ಇರಲು ಸಾಧ್ಯವೇ ಇಲ್ಲ. ಕೊಂಡ ದಿನವೇ ತೂಗಿ ನೋಡಿ, ಹಿಂದಿರುಗಿಸುವ ಅವಧಿ ಮುಗಿಯುವ ಮೊದಲು.

ಕೆಲಸ ಮುಗಿದ ಕೂಡಲೇ ಬಿಸಿ ಬ್ಯಾಟರಿಯನ್ನು ಚಾರ್ಜಿಗೆ ಹಾಕದೆ ಅರ್ಧ ಗಂಟೆ ಆರಲು ಬಿಡಿ. ತಿಂಗಳುಗಟ್ಟಲೆ ಇಡುವಾಗ ಅರ್ಧ ಚಾರ್ಜ್ ಸಾಕು. ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ.

ಪ್ರಶ್ನೆ: ಅಂಗಳದ ಮಾವಿನ ಕೊಂಬೆ ಕೊಯ್ಯುವಾಗ ಅರ್ಧದಲ್ಲೇ ಮುರಿದು ಕಾಂಡದ ಸಿಪ್ಪೆ ಒಂದು ಮೊಳ ಸೀಳಿತು. ಮಳೆಗಾಲದಲ್ಲಿ ಗಾಯ ಕೊಳೆಯುವ ಹೆದರಿಕೆ. – ಪೋಂಡಾ, ಗೋವಾ

ಉತ್ತರ: ಭಾರದ ಅಂದಾಜು ತಪ್ಪಿದಾಗ ಹೀಗಾಗುತ್ತದೆ. 10 ಸೆಂ.ಮೀ. ದಪ್ಪ, 3 ಮೀಟರ್ ಉದ್ದದ ಹಸಿ ಕೊಂಬೆ ಎಲೆ ಬಿಟ್ಟೇ 20 ಕಿಲೋ ದಾಟುತ್ತದೆ. ಮೇಲಿನಿಂದ ಕೊಯ್ಯುತ್ತ ಬಂದರೆ ಕೊನೆಯ ನಾರು ಆ ಭಾರ ತಾಳದೆ ಸಿಪ್ಪೆಯನ್ನೂ ಎಳೆದುಕೊಂಡು ಬೀಳುತ್ತದೆ. ಗರಗಸವಾದರೆ ಮೂರು ಕೊಯ್ತ: ಕಾಂಡದಿಂದ ಒಂದಡಿ ದೂರದಲ್ಲಿ ಕೆಳಗಿನಿಂದ ಕಾಲು ಭಾಗ ಆಳಕ್ಕೆ ಮೊದಲನೆಯದು; ಅದಕ್ಕಿಂತ ಎರಡು ಇಂಚು ಹೊರಗೆ ಮೇಲಿನಿಂದ ಎರಡನೆಯದು, ಆಗ ಕೊಂಬೆ ಬೀಳುತ್ತದೆ; ಉಳಿದ ಮೋಟನ್ನು ಮೂರನೆಯ ಕೊಯ್ತದಿಂದ ತೆಗೆಯಿರಿ. ದವಡೆಯ ಲಾಪರ್ ಆದರೆ ತುದಿಯಿಂದ ಎರಡೆರಡು ಅಡಿ ತುಂಡು ಮಾಡುತ್ತ ಒಳಗೆ ಬನ್ನಿ, ಕೊನೆಗೆ ಹಗುರ ಮೋಟು ಮಾತ್ರ ಉಳಿಯುತ್ತದೆ.

ಕೊನೆಯ ಕೊಯ್ತ ಎಲ್ಲಿ ಎಂಬುದೇ ಮರದ ಆಯುಷ್ಯ ನಿರ್ಧರಿಸುತ್ತದೆ. ಕೊಂಬೆ ಹುಟ್ಟುವಲ್ಲಿ ಬಳೆಯಂತೆ ಉಬ್ಬಿರುತ್ತದೆಯಲ್ಲ, ಆ ಉಬ್ಬಿನಿಂದಲೇ ಹೊಸ ಸಿಪ್ಪೆ ಬೆಳೆದು ಗಾಯ ಮುಚ್ಚುವುದು. ಅದಕ್ಕೆ ತಾಗದಂತೆ, ಅದರ ಹೊರಗೆ ಕೊಯ್ಯಿರಿ. ಕಾಂಡಕ್ಕೆ ಸಮನಾಗಿ ನುಣ್ಣಗೆ ಕೊಯ್ದರೆ ಚೆಂದ ಕಾಣುತ್ತದೆ, ಗಾಯ ಮಾತ್ರ ವರ್ಷಗಟ್ಟಲೆ ಮುಚ್ಚುವುದಿಲ್ಲ. ಉದ್ದ ಮೋಟು ಬಿಟ್ಟರೆ ಅದು ಒಣಗಿ ಕೊಳೆತು ಒಳಗಿಳಿಯುತ್ತದೆ.

ಈಗಾಗಲೇ ಸೀಳಿರುವ ಸಿಪ್ಪೆಯಲ್ಲಿ ಸಡಿಲಾದಷ್ಟನ್ನು ಹರಿತ ಚಾಕುವಿನಿಂದ ತೆಗೆದು ಬೋರ್ಡೋ ಪೇಸ್ಟ್ ಹಚ್ಚಿ. 100 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಟ್ಟ ಸುಣ್ಣವನ್ನು ಇನ್ನರ್ಧ ಲೀಟರ್‌ನಲ್ಲಿ ಬೇರೆ ಬೇರೆ ಕರಗಿಸಿ. ಎರಡಕ್ಕೂ ಪ್ಲಾಸ್ಟಿಕ್ ಬಕೆಟ್ಟೇ ಬೇಕು. ಸುಣ್ಣ ಆರಿದ ಮೇಲೆ ಸೋಸಿ, ತುತ್ತದ ನೀರನ್ನು ನಿಧಾನವಾಗಿ ಸುಣ್ಣಕ್ಕೆ ಸುರಿಯುತ್ತ ಕಲಕಿ. ತಿಕ್ಕಿದ ಕಬ್ಬಿಣದ ಮೊಳೆಯನ್ನು ಒಂದು ನಿಮಿಷ ಅದ್ದಿ ನೋಡಿ, ಕೆಂಪುಕಂದು ಲೇಪ ಕಂಡರೆ ಸುಣ್ಣ ಇನ್ನಷ್ಟು ಸೇರಿಸಬೇಕು. ಮಾಡಿದ ದಿನವೇ ಬಳಸಿ. ಎನಾಮೆಲ್ ಪೇಂಟ್ ಬೇಡ, ಅದರಡಿ ತೇವ ಉಳಿದು ಇನ್ನಷ್ಟು ಕೊಳೆಯುತ್ತದೆ.

ಮಾವಿನ ಸೊನೆ ಮೈಗೆ ತಾಗಿದರೆ ಕೆಲವರಿಗೆ ಬೊಬ್ಬೆ ಏಳುತ್ತದೆ. ತುಂಬು ತೋಳಿನ ಅಂಗಿ, ಕನ್ನಡಕ, ಚರ್ಮದ ಕೈಗವಸು ಹಾಕಿಕೊಳ್ಳಿ. ಗೇರು ಮರಕ್ಕೂ ಇದೇ ಮಾತು.

ಪ್ರಶ್ನೆ: ತೆಂಗಿನ ಮಡಲನ್ನೂ ಇದರಿಂದ ಕೊಯ್ಯಬಹುದೇ? ಮಳೆಗಾಲದಲ್ಲಿ ಚೈನಿಗೆ ತುಕ್ಕು ಹಿಡಿಯುತ್ತಿದೆ. – ವಾಸ್ಕೊ

ಉತ್ತರ: ಬೇಡ. ಮಡಲಿನ ನಾರು ಚಕ್ರಕ್ಕೆ ಸುತ್ತಿಕೊಂಡು ಮೋಟಾರ್ ನಿಲ್ಲುತ್ತದೆ. ಅದಕ್ಕೆ ಕತ್ತಿಯೇ ಸರಿ. ತುಕ್ಕಿಗೆ: ಮುಚ್ಚಳ ಬಿಚ್ಚಿ ಹಸಿ ಪುಡಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೆಗೆದು, ಚೈನನ್ನು ಎಣ್ಣೆಯಲ್ಲಿ ಅದ್ದಿ, ಮುಚ್ಚಳವಿರುವ ಡಬ್ಬದಲ್ಲಿಡಿ. ಬ್ಯಾಟರಿಯನ್ನು ಬೇರೆ ಇಡಿ.

ಪ್ರಶ್ನೆ: ಕೊಂಬೆ ಕರೆಂಟ್ ತಂತಿಗೆ ತಾಗುತ್ತಿದೆ. ಉದ್ದ ಕೋಲಿನ ಲಾಪರ್ ತಂದರೆ ನಾವೇ ಕೊಯ್ಯಬಹುದೇ? – ಚಿಂಚವಾಡ

ಉತ್ತರ: ಖಂಡಿತ ಬೇಡ. ಆ ಕೋಲುಗಳು ಹೆಚ್ಚಾಗಿ ಅಲ್ಯೂಮಿನಿಯಂ, ಹಸಿ ಮರದಲ್ಲೂ ಕರೆಂಟ್ ಹರಿಯುತ್ತದೆ. ಕೊಂಬೆ ತಂತಿಗೆ ತಾಗಿಲ್ಲದಿದ್ದರೂ ಬೀಳುವಾಗ ತಾಗಬಹುದು. ವಿದ್ಯುತ್ ಕಂಪನಿಯ 1912ಕ್ಕೆ ಫೋನ್ ಮಾಡಿ ದೂರು ಸಂಖ್ಯೆ ಬರೆದುಕೊಳ್ಳಿ. ಲೈನ್ ಬಂದ್ ಮಾಡಿ ಅವರೇ ಕೊಯ್ಯಬೇಕು.

ಪ್ರಶ್ನೆ: ಕತ್ತರಿಸಿದ ಕಸ ರಾಶಿ ಬಿದ್ದಿದೆ, ಅಂಗಳದಲ್ಲೇ ಸುಡಬಹುದೇ? – ಪನವೇಲ್

ಉತ್ತರ: ಬಯಲಲ್ಲಿ ಕಸ ಸುಡುವುದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲೇ ನಿಷೇಧಿಸಿದೆ, ದಂಡ 5,000 ರೂಪಾಯಿ, ದೊಡ್ಡ ರಾಶಿಗೆ 25,000. ಬೆರಳಿಗಿಂತ ಸಣ್ಣ ಕಡ್ಡಿಗಳನ್ನು ಅರ್ಧ ಅಡಿ ತುಂಡು ಮಾಡಿ ಎಲೆಯೊಂದಿಗೆ ಮರದ ಬುಡಕ್ಕೆ ಮೂರು ಇಂಚು ದಪ್ಪ ಹರಡಿ, ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಡಿ. ದಪ್ಪ ತುಂಡುಗಳನ್ನು ಕಟ್ಟು ಕಟ್ಟಿ ಪಾಲಿಕೆಯ ಗಾಡಿಗೆ ಕೊಡಿ. ಕಣಗಿಲೆಯ ಕಡ್ಡಿ ಇದ್ದರೆ ಅದನ್ನು ಬೇರೆ ಮಾಡಿ, ದನ ಆಡು ಮುಟ್ಟದ ಕಡೆ ಹಾಕಿ. ಅದರ ಎಲೆಯೂ ವಿಷ, ಹೊಗೆಯೂ ವಿಷ.