ಇಂಗ್ಲೆಂಡಿನ ಕ್ಯಾಂಪಿಂಗ್ ಕ್ಲಬ್ ನಮ್ಮಂಥವರಿಗೆ ಹೊಂದುತ್ತಾ?

ಕೆಲಸ, ಬಾಡಿಗೆ ಮನೆ ಎಲ್ಲ ಸರಿಹೋಗಿದೆ, ಶನಿವಾರ ಭಾನುವಾರ ಕಳೆಯುವುದೇ ಕಷ್ಟ ಅಂತ ಬರೆದಿದ್ದೀರಿ. ಆಫೀಸಿನವರೊಬ್ಬರು ಕ್ಯಾಂಪಿಂಗ್ ಅಂಡ್ ಕ್ಯಾರವಾನಿಂಗ್ ಕ್ಲಬ್ ಸೇರಿ ಅಂದರಂತೆ, ಅಂದರೆ ಟೆಂಟು ಹಾಕಿಯೋ ಕಾರಿನ ಹಿಂದೆ ಎಳೆಯುವ ಗಾಡಿಮನೆಯಲ್ಲೋ ತಂಗುತ್ತ ತಿರುಗುವವರ ಸಂಘ. ನೂರು ವರ್ಷ ದಾಟಿದ ಕ್ಲಬ್ಬು, ನಮ್ಮಂಥವರಿಗೆ ಹೊಂದುತ್ತಾ ಅನ್ನೋದು ನಿಮ್ಮ ಅಳುಕು. ಧೈರ್ಯವಾಗಿ ಸೇರಿ. ಅದು ಶುರುವಾದ ರೀತಿ ತಿಳಿದರೆ ನಿಮ್ಮ ಅಳುಕು ಅರ್ಧ ಕಡಿಮೆಯಾಗುತ್ತದೆ.

ಅದನ್ನು ಕಟ್ಟಿದವರು ಥಾಮಸ್ ಹೈರಮ್ ಹೋಲ್ಡಿಂಗ್, ವೃತ್ತಿಯಲ್ಲಿ ದರ್ಜಿ. 1853ರಲ್ಲಿ, ಇನ್ನೂ ಹುಡುಗರಾಗಿದ್ದಾಗ, ಅಪ್ಪ ಅಮ್ಮನ ಜೊತೆ ಅಮೆರಿಕದ ಹುಲ್ಲುಬಯಲನ್ನು ಗಾಡಿಗಳ ಸಾಲಿನಲ್ಲಿ ದಾಟಿದ್ದರು. ಹೊಸ ನೆಲ ಹುಡುಕಿಕೊಂಡು ಹೊರಟ ಸಂಸಾರದ ಮಗು ಅವರು. ನನಗೆ ಈ ಸಂಗತಿ ತುಂಬ ಮುಖ್ಯ ಅನ್ನಿಸುತ್ತದೆ. ಬಯಲಲ್ಲಿ ಮಲಗುವ ಆಸೆ ಅವರಿಗೆ ಬಂದದ್ದು ಶ್ರೀಮಂತರ ಶೋಕಿಯಿಂದಲ್ಲ, ವಲಸೆಯ ದಾರಿಯಿಂದ.

ದೊಡ್ಡವರಾದ ಮೇಲೂ ಅದು ಬಿಡಲಿಲ್ಲ. ಮೊದಲು ದೋಣಿಯಲ್ಲಿ ತಿರುಗಿದರು, ಆಮೇಲೆ ಸೈಕಲ್ ಮೇಲೆ ಸಾಮಾನು ಕಟ್ಟಿಕೊಂಡು ಐರ್ಲೆಂಡಿನ ಕಾನೆಮಾರಾ ಸುತ್ತಿದರು. ಸೈಕಲ್‌ಗೆ ಭಾರದ ಕ್ಯಾನ್ವಾಸ್ ಟೆಂಟು ಹೇರೋಕಾಗುತ್ತಾ? ಬಟ್ಟೆಯ ತೂಕ, ಹೊಲಿಗೆ ಬಲ್ಲ ಕೈ ಅಲ್ಲಿ ಕೆಲಸಕ್ಕೆ ಬಂತು. ತೆಳು ಬಟ್ಟೆಯ ಟೆಂಟು, ಚಿಕ್ಕ ಒಲೆ, ಎಲ್ಲವೂ ಒಬ್ಬನೇ ಒಯ್ಯುವಷ್ಟು ಹಗುರ. ಕ್ಯಾಂಪಿಂಗ್ ಸಾಮಾನ್ಯ ಸಂಬಳದವರ ಕೈಗೆ ಎಟುಕಿದ್ದರಲ್ಲಿ ಇದರ ಪಾಲು ದೊಡ್ಡದು.

1901ರ ಆಗಸ್ಟ್‌ನಲ್ಲಿ ವಾಂಟೇಜ್ ಊರಿನಲ್ಲಿ ಬೆರಳೆಣಿಕೆಯ ಸೈಕಲ್ ಸವಾರರು ಸೇರಿ ಮೊದಲ ಬಿಡಾರ ಹೂಡಿದರು. ಈ ಕ್ಲಬ್ಬಿಗೆ ಆಗ ಇಟ್ಟ ಹೆಸರು ಅಸೋಸಿಯೇಷನ್ ಆಫ್ ಸೈಕಲ್ ಕ್ಯಾಂಪರ್ಸ್. 1906ರ ಹೊತ್ತಿಗೆ ಸದಸ್ಯರು ಕೆಲವು ನೂರು ಆಗಿದ್ದರು. ಆ ವರ್ಷ ಸರ್ರೆಯ ವೇಬ್ರಿಜ್‌ನಲ್ಲಿ ಸಂಘದ್ದೇ ಸ್ವಂತ ಜಾಗವೂ ಆಯಿತು. ಇದು ಸಣ್ಣ ವಿಷಯ ಅಲ್ಲ. ಸ್ಕಾಟ್ಲೆಂಡ್ ಬೇರೆ, ಆದರೆ ಇಂಗ್ಲೆಂಡಿನ ಹೆಚ್ಚಿನ ಕಡೆ ನೆಲದ ಮಾಲೀಕರ ಒಪ್ಪಿಗೆ ಇಲ್ಲದೆ ಇವತ್ತಿಗೂ ಟೆಂಟು ಹಾಕುವಂತಿಲ್ಲ. ಒಬ್ಬೊಬ್ಬರೇ ರೈತರ ಬಾಗಿಲು ತಟ್ಟುವ ಬದಲು ಎಲ್ಲರೂ ಸೇರಿ ಒಂದು ಜಾಗ ಮಾಡಿಕೊಂಡರು. ಮುಂದೆ ಬೇರೆ ಸಂಘಗಳೂ ಇದರೊಳಗೆ ಸೇರಿದವು, ಮೊದಲ ಮಹಾಯುದ್ಧ ಮುಗಿದ ಮೇಲೆ ಸ್ಕೌಟ್ ಚಳವಳಿಯ ಬೇಡನ್ ಪೊವೆಲ್ ಅಧ್ಯಕ್ಷರಾದರು.

ಈಗ ನಿಮ್ಮ ಮಾತಿಗೆ ಬರೋಣ. ಇಲ್ಲಿ ಪಕ್ಕದ ಮನೆಯವರು ವರ್ಷವಾದರೂ ಹಲೋ ಬಿಟ್ಟು ಮುಂದೆ ಹೋಗಲ್ಲ ಅಂತ ನೊಂದುಕೊಂಡಿದ್ದೀರಿ. ನಾನು ಕಂಡ ಮಟ್ಟಿಗೆ ಇಲ್ಲಿಯವರು ಸುಮ್ನೆ ಕೂತು ಪರಿಚಯ ಮಾಡಿಕೊಳ್ಳೋದು ಕಡಿಮೆ. ಕೈಯಲ್ಲಿ ಒಂದು ಕೆಲಸ ಇದ್ದರೆ ಮಾತು ತಾನಾಗಿ ಬರುತ್ತದೆ. ಗಾಳಿಗೆ ಟೆಂಟು ಹಾರಾಡುತ್ತಿದ್ದರೆ ಆಚೆ ಕಡೆಯವರು ಸುತ್ತಿಗೆ ಹಿಡಿದು ಬಂದೇ ಬರುತ್ತಾರೆ. ಗೂಟವನ್ನು ಓರೆಯಾಗಿ, ತಲೆ ಟೆಂಟಿನಿಂದ ಆಚೆಗೆ ಬಾಗುವಂತೆ ಹೊಡೆಯಬೇಕು ಅಂತ ತೋರಿಸುತ್ತಾರೆ. ಆಮೇಲೆ ನೀವು ಉಪ್ಪಿಟ್ಟು ಕೆದಕುತ್ತಿರುವಾಗ ಒಗ್ಗರಣೆ ವಾಸನೆಗೆ ಅವರ ಮಕ್ಕಳು ಹತ್ತಿರ ಬರುತ್ತಾರೆ. ಅಲ್ಲಿಂದ ಎಷ್ಟೋ ಸ್ನೇಹ ಬೆಳೆದಿದೆ.

ಕ್ಲಬ್ಬಿಗೆ ಜಿಲ್ಲಾವಾರು ಗುಂಪುಗಳಿವೆ, ಅವರು ವಾರಾಂತ್ಯದ ಬಿಡಾರ ಏರ್ಪಡಿಸುತ್ತಾರೆ. ದೊಡ್ಡ ಕ್ಯಾಂಪ್‌ಸೈಟ್‌ಗಿಂತ ಅಲ್ಲಿಗೇ ಮೊದಲು ಹೋಗಿ, ಪರಿಚಯ ಬೇಗ ಆಗುತ್ತದೆ. ಶುರುವಿಗೇ ದುಬಾರಿ ಟೆಂಟು ಕೊಳ್ಳಬೇಡಿ, ಸೆಕೆಂಡ್ ಹ್ಯಾಂಡ್ ಸಾಕು. ಆದರೆ ಒಳ್ಳೆ ಸ್ಲೀಪಿಂಗ್ ಬ್ಯಾಗು, ಕೆಳಗೆ ಹಾಸೋಕೆ ದಪ್ಪನೆ ಮ್ಯಾಟು ಬೇಕೇ ಬೇಕು. ಜೂನ್‌ನಲ್ಲೂ ರಾತ್ರಿ ನೆಲದ ಚಳಿ ಬೆನ್ನಿಗೆ ಹತ್ತುತ್ತದೆ. ಇನ್ನೊಂದು ಮಾತು, ಇದನ್ನು ಮಾತ್ರ ಮರೆಯಬೇಡಿ: ಎಷ್ಟೇ ಮಳೆ ಬರಲಿ, ಒಲೆಯನ್ನಾಗಲಿ, ಆರಿದ ಹಾಗೆ ಕಾಣುವ ಇದ್ದಿಲನ್ನಾಗಲಿ ಟೆಂಟಿನೊಳಗೆ ತರಬೇಡಿ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷಾನಿಲಕ್ಕೆ ವಾಸನೆಯೇ ಇಲ್ಲ. ಮಳೆ ಜಾಸ್ತಿಯಾದರೆ ಆ ದಿನ ಬ್ರೆಡ್ಡು, ಚಟ್ನಿಪುಡಿ ತಿಂದರಾಯಿತು.