ಅಮ್ಮನ ಮಾತ್ರೆ ಡಬ್ಬಿ ಆಸ್ಪತ್ರೆಗೆ ಒಯ್ಯಬಹುದೇ?

ಪ್ರಶ್ನೆ: ಅಮ್ಮನಿಗೆ 68 ವರ್ಷ. ಶುಗರ್, ಬಿಪಿ, ಥೈರಾಯ್ಡ್ ಮೂರೂ ಇವೆ. ಮುಂದಿನ ವಾರ ಪಿತ್ತಕೋಶದ ಆಪರೇಷನ್‌ಗೆ ಅಡ್ಮಿಟ್ ಆಗಬೇಕು. ಮನೆಯಲ್ಲಿ ಒಂದು ತಿಂಗಳಿಗಾಗುವಷ್ಟು ಮಾತ್ರೆ ಇವೆ. ಅಲ್ಲಿ ಅವನ್ನೇ ಕೊಟ್ಟರೆ ಆಗದೇ? ಮತ್ತೆ ಕೊಳ್ಳಬೇಕೇ?
– ಓದುಗರು, ಬಸವನಗುಡಿ

ಉತ್ತರ: ಒಯ್ಯಿರಿ, ಆದರೆ ನೀವಾಗಿ ಕೊಡಬೇಡಿ. ಅಡ್ಮಿಟ್ ಆಗುವಾಗಲೇ ಎಲ್ಲವನ್ನೂ ಡ್ಯೂಟಿ ಡಾಕ್ಟರ ಮುಂದಿಡಿ. ಅವರು ಒಪ್ಪಿದ್ದನ್ನು ಚಾರ್ಟ್‌ನಲ್ಲಿ ಬರೆಸಿ, ಮಾತ್ರೆಗಳನ್ನು ಸಿಸ್ಟರ್ ಕೈಗೆ ಒಪ್ಪಿಸಿ. ದಿಂಬಿನ ಕೆಳಗೆ, ಬ್ಯಾಗಿನಲ್ಲಿ ಒಂದೂ ಉಳಿಯಬಾರದು.

ಇಷ್ಟು ಬಿಗಿ ಏಕೆಂದರೆ, ಒಂದೇ ಔಷಧಿ ಎರಡು ಸಲ ಹೊಟ್ಟೆಗೆ ಹೋಗುವುದು ಬಹಳ ಸುಲಭ. ಮನೆಯ ಸ್ಟ್ರಿಪ್ ಮೇಲೆ ‘ಟೆಲ್ಮಾ 40’ ಎಂದಿರುತ್ತದೆ, ಆಸ್ಪತ್ರೆಯದರ ಮೇಲೆ ಬೇರೆ ಕಂಪನಿಯ ಹೆಸರು. ಒಳಗಿರುವುದು ಎರಡರಲ್ಲೂ ಟೆಲ್ಮಿಸಾರ್ಟನ್ ಎಂಬ ಒಂದೇ ಬಿಪಿ ಔಷಧಿ. ಏಳಕ್ಕೆ ಸಿಸ್ಟರ್ ಒಂದು ಕೊಟ್ಟಿರುತ್ತಾರೆ. ಎಂಟಕ್ಕೆ ಮಗಳು ಇಡ್ಲಿ ತಿನ್ನಿಸಿ ಇನ್ನೊಂದು ಕೊಡುತ್ತಾಳೆ. ಬಿಪಿ ಇಳಿದು, ಬಾತ್‌ರೂಮಿಗೆಂದು ಎದ್ದಾಗ ತಲೆ ಸುತ್ತಿ ಬೀಳಬಹುದು. ದೊಡ್ಡಕ್ಷರದ ಹೆಸರನ್ನು ಬಿಟ್ಟು ಅದರ ಕೆಳಗಿನ ಸಣ್ಣಕ್ಷರ ಓದಿ.

ಇನ್ನು ಕೆಲವನ್ನು ಬೇಕೆಂದೇ ನಿಲ್ಲಿಸಿರುತ್ತಾರೆ. ಶುಗರ್ ಮಾತ್ರೆಯಲ್ಲಿ ಡಾಪಾಗ್ಲಿಫ್ಲೋಜಿನ್ ಇದ್ದರೆ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ. ಅದನ್ನು ಸಾಮಾನ್ಯವಾಗಿ ಆಪರೇಷನ್‌ಗೆ 3 ದಿನ ಮುಂಚೆಯೇ ನಿಲ್ಲಿಸಬೇಕಾಗುತ್ತದೆ. ಇಲ್ಲದಿದ್ದರೆ ಉಪವಾಸದಲ್ಲಿ ರಕ್ತ ಆಮ್ಲೀಯವಾಗಬಹುದು. ಆಗ ಶುಗರ್ ರೀಡಿಂಗ್ ಹೆಚ್ಚೇನೂ ಏರದೆ ಇರಬಹುದು, ಮೋಸ ಹೋಗುವುದು ಅಲ್ಲೇ. ಇನ್ನೊಂದು ಶುಗರ್ ಮಾತ್ರೆ ಗ್ಲಿಮೆಪಿರೈಡ್‌ನದು ಬೇರೆ ಕಾಟ: ಊಟವಿಲ್ಲದೆ ನುಂಗಿದರೆ ಶುಗರ್ ಕುಸಿಯುತ್ತದೆ. ಥೈರಾಯ್ಡ್ ಮಾತ್ರೆಯನ್ನು ಸಾಮಾನ್ಯವಾಗಿ ಆಪರೇಷನ್ ದಿನವೂ ಒಂದು ಗುಟುಕು ನೀರಿನಲ್ಲಿ ಕೊಡುತ್ತಾರೆ. ಒಂದು ದಿನ ತಪ್ಪಿದರೂ ಗಾಬರಿ ಬೇಡ, ಅದರ ಪ್ರಭಾವ ನಿಧಾನವಾಗಿ ಇಳಿಯುವಂಥದ್ದು.

ವಾರದ ಏಳು ಖಾನೆಯ ಡಬ್ಬಿ ಮನೆಗೆ ಚೆನ್ನ, ವಾರ್ಡಿಗಲ್ಲ. ಬಿಡಿ ಬಿಳಿ ಮಾತ್ರೆ ಯಾವುದೆಂದು ಯಾವ ಸಿಸ್ಟರೂ ಹೇಳಲಾರರು. ಕತ್ತರಿಸಿದ ಸ್ಟ್ರಿಪ್‌ನದೂ ಇದೇ ಪಾಡು: ಎಕ್ಸ್‌ಪೈರಿ ತಾರೀಕಿದ್ದ ತುದಿ ಮೆಡಿಕಲ್ ಶಾಪಿನಲ್ಲೇ ಉಳಿದಿದ್ದರೆ ಆಸ್ಪತ್ರೆಯವರು ಒಪ್ಪುವುದಿಲ್ಲ, ಒಪ್ಪಲೂಬಾರದು. ಪೂರ್ತಿ ಸ್ಟ್ರಿಪ್, ಥೈರಾಯ್ಡ್ ಮಾತ್ರೆಯ ಮೂಲ ಬಾಟಲಿ, ಡಾಕ್ಟರ ಚೀಟಿ ಒಯ್ಯಿರಿ.

ಇನ್ಸುಲಿನ್ ಪೆನ್ ಇದ್ದರೆ ಹೆಸರು, ತೆರೆದ ತಾರೀಕು ಬರೆದ ಚೀಟಿಯನ್ನು ಪೆನ್ನಿನ ಮೈಗೆ ಅಂಟಿಸಿ, ಕ್ಯಾಪಿಗಲ್ಲ; ಕ್ಯಾಪುಗಳು ಅದಲುಬದಲಾಗುತ್ತವೆ. ಸೂಜಿ ಬದಲಿಸಿದರೂ ಒಬ್ಬರ ಪೆನ್ ಇನ್ನೊಬ್ಬರಿಗೆ ಬಳಸಕೂಡದು. ಗ್ಲಾರ್ಜಿನ್ ಎಂಬ ಇನ್ಸುಲಿನ್‌ನ ಪೆನ್ ತೆರೆದ ಮೇಲೆ ಸಾಮಾನ್ಯವಾಗಿ 28 ದಿನ ಮಾತ್ರ.

ಸ್ವಂತ ಮಾತ್ರೆ ಬೇಡವೆಂದರೆ ಜಗಳಕ್ಕಿಳಿಯಬೇಡಿ, ಆಸ್ಪತ್ರೆಯಲ್ಲಿರುವಷ್ಟು ದಿನಕ್ಕೆ ಮಾತ್ರ ಕೊಳ್ಳಿ. ಡಿಸ್ಚಾರ್ಜ್ ದಿನ ಒಪ್ಪಿಸಿದ್ದನ್ನು ವಾಪಸ್ ಕೇಳಿ ಪಡೆದು, ಸಮ್ಮರಿಯ ಪಕ್ಕದಲ್ಲಿಟ್ಟು ಒಂದೊಂದಾಗಿ ತಾಳೆ ನೋಡಿ. ಡೋಸ್ ಬದಲಾಗಿದ್ದರೆ ಹಳೆಯ ಸ್ಟ್ರಿಪ್ಪನ್ನು ಅಮ್ಮನ ಕೈಗೆ ಸಿಗದಂತೆ ಅಂದೇ ತೆಗೆದಿಡಿ.