ರೆಂಜೆ ಮರದ ಬುಡದಲ್ಲಿ ಯಾರಿದ್ದಾರೆ ಅಂತ ಮೊದಲು ಬರೆದಿಡಿ

ಪ್ರಿಯ ಸೋದರಿ,

ನಿಮ್ಮ ನಾಲ್ಕು ಪುಟದ ಪತ್ರ ಬಂದು ತಲುಪಿತು. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕುವುದಿಲ್ಲ. ಉಳಿದ ಓದುಗರಿಗೆ ವಿಷಯ ಗೊತ್ತಾಗಲಿ ಅಂತ ಪತ್ರದ ಸಾರಾಂಶ ಹೇಳುತ್ತೇನೆ. ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಒಳಗಿರುವ ನಿಮ್ಮ ಊರಿನ ಹಳೆಯ ಸ್ಮಶಾನ ಒಂದು ಗುಡ್ಡದ ಬದಿಯಲ್ಲಿದೆ, ತುಂಬ ಮರಗಳಿವೆ. ಈಗ ಆ ಮರಗಳನ್ನು ಕಡಿದು, ನೆಲಕ್ಕೆ ಇಂಟರ್‌ಲಾಕ್ ಹಾಸಿ, ಗ್ಯಾಸ್ ಚಿತಾಗಾರ ಕಟ್ಟಿ, ಸುತ್ತ ಗೋಡೆ ಎಬ್ಬಿಸುವ ಯೋಜನೆ ಬಂದಿದೆ. ಕಳೆದ ಸಂಚಿಕೆಯಲ್ಲಿ ನಾವು ಸ್ಟಾಕ್‌ಹೋಮ್‌ನ ಕಾಡು ಸ್ಮಶಾನದ ಬಗ್ಗೆ ಬರೆದದ್ದನ್ನು ಓದಿ ನೀವು ಕೇಳಿದ್ದೀರಿ: "ಅದೆಲ್ಲ ಅಲ್ಲಿಗೆ ಸರಿ. ಇಲ್ಲಿ ಹಾವು, ಹಂದಿ, ನಾಲ್ಕು ತಿಂಗಳು ಮಳೆ. ನಾವೇನು ಮಾಡುವುದು?"

ಕೊನೆಯ ಪುಟದಲ್ಲಿ ಇನ್ನೊಂದು ಸಂಗತಿ ಬರೆದಿದ್ದೀರಿ. ನಿಮ್ಮ ತಂಗಿ ಹುಟ್ಟಿದ ಹತ್ತೇ ದಿನಕ್ಕೆ ತೀರಿಕೊಂಡಳು. ಅವಳನ್ನು ಹೂಳಿದ್ದು ಅಲ್ಲಿನ ರೆಂಜೆ (ಬಕುಳ) ಮರದ ಬುಡದಲ್ಲಿ. ಕಲ್ಲಿಲ್ಲ, ಹೆಸರಿಲ್ಲ. ಹೆಂಗಸರು ಅಲ್ಲಿಗೆ ಹೋಗುವ ಕ್ರಮ ಇಲ್ಲದ್ದರಿಂದ ನಿಮ್ಮ ಅಮ್ಮ ಒಮ್ಮೆಯೂ ಆ ಜಾಗ ನೋಡಿದವರಲ್ಲ. ಅವರಿಗೆ ಗೊತ್ತಿರುವುದು "ರೆಂಜೆ ಮರದ ಹತ್ತಿರ" ಎಂಬ ಮಾತು ಮಾತ್ರ.

ನನ್ನ ಉತ್ತರ ಶುರುವಾಗುವುದೇ ಈ ಮರದಿಂದ. ನಿಮ್ಮ ಸ್ಮಶಾನದಲ್ಲಿ ಮರಗಳೇ ಸಮಾಧಿಕಲ್ಲು. ಯಾವ ಮರದ ಹತ್ತಿರ ಯಾರಿದ್ದಾರೆ ಅಂತ ಬರೆದಿಡದೆ ಒಂದು ಮರ ಕಡಿದರೂ ತಪ್ಪು, ಒಂದು ಹೊಸ ಗಿಡ ನೆಟ್ಟರೂ ಅಷ್ಟೇ ತಪ್ಪು. ನಕ್ಷೆ, ಎಸ್ಟಿಮೇಟು, ಟೆಂಡರು ಎಲ್ಲ ಆಮೇಲೆ.

ಇದನ್ನು ಮಾಡುವುದು ಕಷ್ಟವೇನಲ್ಲ. ಒಂದು ಉದ್ದದ ಟೇಪು, ಒಂದು ನೋಟ್‌ಬುಕ್ಕು, ಬಣ್ಣದ ಬಟ್ಟೆಯ ತುಂಡುಗಳು ಸಾಕು. ಪ್ರತಿ ಮರಕ್ಕೂ ಒಂದು ನಂಬರು ಕೊಟ್ಟು ಬಟ್ಟೆ ಕಟ್ಟಿ, ದಯವಿಟ್ಟು ಮೊಳೆ ಹೊಡೆಯಬೇಡಿ. ಮರದ ಹೆಸರು, ಎದೆಮಟ್ಟದಲ್ಲಿ ಅದರ ಸುತ್ತಳತೆ, ಪೊಟರೆ ಇದೆಯೋ ಇಲ್ಲವೋ, ಒಣ ಕೊಂಬೆ ಎಷ್ಟು, ಅದರ ಸುತ್ತ ಯಾವ ಮನೆಯವರನ್ನು ಹೂಳಿದ್ದಾರೆ ಇಲ್ಲವೇ ಸುಟ್ಟಿದ್ದಾರೆ, ಇಷ್ಟು ಬರೆಯಿರಿ. ಊರಿನ ಹಿರಿಯರನ್ನು ಕೇಳಿ, ಆದರೆ ಅವರಿಗಿಂತ ಮೊದಲು ಗುಂಡಿ ತೋಡಿದವರನ್ನು, ಸೌದೆ ಒಟ್ಟಿದವರನ್ನು ಕೇಳಿ. ಅಪ್ಪನ ಕಾಲದಿಂದ ಆ ಕೆಲಸ ಮಾಡುತ್ತ ಬಂದವರಿಗೆ ಆ ನೆಲದ ಪ್ರತಿ ಮಾರೂ ಗೊತ್ತಿರುತ್ತದೆ. ಆದರೆ ಯಾವ ಕಡತದಲ್ಲೂ ಅವರ ಹೆಸರು ಇರುವುದಿಲ್ಲ, ಯಾವ ಸಮಿತಿಗೂ ಅವರನ್ನು ಯಾರೂ ಕರೆಯುವುದಿಲ್ಲ. ಇಂಥ ಜಾಗಗಳಲ್ಲಿ ಒಂದೊಂದು ಜಾತಿಗೆ ಒಂದೊಂದು ಮೂಲೆ ಅಂತ ಇರುತ್ತದೆ, ನಿಮ್ಮಲ್ಲೂ ಇರಬಹುದು. ಅದನ್ನೂ ಮುಚ್ಚಿಡದೆ ಬರೆಯಿರಿ. ರಿಪೇರಿ ಕೆಲಸ ಬಂದಾಗ ಮೊದಲು ಜೆಸಿಬಿ ಹೋಗುವುದು ಯಾರ ಮೂಲೆಗೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ಇನ್ನು ಸ್ಟಾಕ್‌ಹೋಮ್ ವಿಷಯ. ಆ ಸ್ಮಶಾನದ ಹೆಸರು ಸ್ಕೋಗ್‌ಶೀರ್ಕೋಗೋರ್ಡೆನ್. 1915ರ ಸ್ಪರ್ಧೆಯಲ್ಲಿ ಗುನ್ನಾರ್ ಆಸ್ಪ್ಲುಂಡ್ ಮತ್ತು ಸಿಗುರ್ಡ್ ಲೆವೆರೆಂಟ್ಸ್ ಎಂಬ ಇಬ್ಬರು ವಾಸ್ತುಶಿಲ್ಪಿಗಳು ಗೆದ್ದರು, ಇಬ್ಬರಿಗೂ ಆಗ ಸುಮಾರು 30 ವರ್ಷ. ಸಿಕ್ಕಿದ ಜಾಗ ಏನು ಗೊತ್ತಾ? ಜಲ್ಲಿ ತೆಗೆದು ಬಿಟ್ಟ ಹಳೆಯ ಗುಂಡಿಗಳು, ಅದರ ಮೇಲೆ ಬೆಳೆದ ಪೈನ್ ಮರಗಳು. ಅವರು ಮರಗಳನ್ನು ಉಳಿಸಿಕೊಂಡು ನಡುನಡುವೆ ಸಮಾಧಿಗಳಿಗೆ ಜಾಗ ಮಾಡಿದರು. ಕೆಲಸ ಮುಗಿಯಲು 1940ರ ತನಕ ಹಿಡಿಯಿತು. ಅದೇ ವರ್ಷ ಆಸ್ಪ್ಲುಂಡ್ ತೀರಿಕೊಂಡರು, ಅವರ ಸಮಾಧಿಯೂ ಅಲ್ಲೇ ಇದೆ. 1994ರಲ್ಲಿ ಅದು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ನಾವು ಅಲ್ಲಿಂದ ಕಲಿಯಬೇಕಾದದ್ದು ಪೈನ್ ಮರ ನೆಡುವುದನ್ನಲ್ಲ. ದುಃಖದಲ್ಲಿರುವ ಮನುಷ್ಯ ಹೇಗೆ ನಡೆಯುತ್ತಾನೆ ಅಂತ ಅವರಿಬ್ಬರೂ ಯೋಚಿಸಿದ್ದರು, ಅದನ್ನು ಕಲಿಯಬೇಕು. ಅಲ್ಲಿ ಒಂದು ದಿಬ್ಬ ಇದೆ, ಅದರ ಮೇಲೆ ಸುಮ್ಮನೆ ಕೂತಿರಲು ಒಂದು ತೋಪು. ಹತ್ತುವ ಮೆಟ್ಟಿಲುಗಳು ಮೇಲೆ ಹೋದ ಹಾಗೆ ತಗ್ಗಾಗುತ್ತ ಹೋಗುತ್ತವೆ. ಸುಸ್ತಾದ ಕಾಲಿಗೆ ಕೊನೆಯ ಮೆಟ್ಟಿಲು ಸುಲಭ ಆಗಬೇಕು ಅಂತ! ಇನ್ನೊಂದು ಕಡೆ 888 ಮೀಟರ್ ಉದ್ದದ ನೇರ ದಾರಿ. ಶುರುವಿನಲ್ಲಿ ಬೆಳಕು ಬೀಳುವ ಬರ್ಚ್ ಮರಗಳು, ಮುಂದೆ ಪೈನ್, ಕೊನೆಗೆ ದಟ್ಟ ಸ್ಪ್ರೂಸ್. ನಡೆಯುತ್ತ ನಡೆಯುತ್ತ ನೆರಳು ಜಾಸ್ತಿ ಆಗುತ್ತದೆ, ಪ್ರಾರ್ಥನಾ ಮಂದಿರ ತಲುಪುವ ಹೊತ್ತಿಗೆ ಮಾತು ತಾನಾಗಿ ಕಡಿಮೆ ಆಗಿರುತ್ತದೆ. ಲೆವೆರೆಂಟ್ಸ್ ಕಟ್ಟಿದ ಆ ಮಂದಿರಕ್ಕೆ ಒಳಗೆ ಹೋಗುವ ಬಾಗಿಲು ಒಂದು, ಹೊರಗೆ ಬರುವ ಬಾಗಿಲು ಬೇರೆ. ಬಂದ ದಾರಿಯಲ್ಲೇ ವಾಪಸ್ ಹೋಗಬೇಕಾಗಿಲ್ಲ.

ಇದನ್ನು ಓದುವಾಗ ನನಗೆ ನಮ್ಮದೇ ಕ್ರಮ ನೆನಪಾಯಿತು. ಚಿತೆಗೆ ಬೆಂಕಿ ಇಟ್ಟ ಮೇಲೆ ತಿರುಗಿ ನೋಡದೆ ಬರಬೇಕು, ಬಂದವರು ಮೀಯಬೇಕು. ಹೋಗುವ ದಾರಿ ಬೇರೆ, ಬರುವ ದಾರಿ ಬೇರೆ, ಕೊನೆಯಲ್ಲಿ ನೀರು. ನಮ್ಮ ಹಿರಿಯರೂ ಇದನ್ನೇ ಯೋಚಿಸಿದ್ದರು ಅಲ್ವಾ? ಆದರೆ ಹೊಸ ಯೋಜನೆಯಲ್ಲಿ ಒಂದೇ ಗೇಟು, ಒಂದೇ ಇಂಟರ್‌ಲಾಕ್ ರಸ್ತೆ, ಆಚೀಚೆ ಪಾರ್ಕಿಂಗ್. ನೀವು ಕಳಿಸಿದ ಚಿತ್ರದಲ್ಲಿ ಶವ ಹೊತ್ತು ತರುವವರು ಮತ್ತು ಕೆಲಸ ಮುಗಿಸಿ ಹೋಗುವವರು ಅದೇ ಗೇಟಿನಲ್ಲಿ ಎದುರುಬದುರು ಆಗುತ್ತಾರೆ.

ದಾರಿ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಜೂನ್ ತಿಂಗಳಲ್ಲಿ ನಾಲ್ಕು ಜನ ಹೆಗಲ ಮೇಲೆ ಹೆಣ ಹೊತ್ತು ಕೆಸರಿನಲ್ಲಿ ಜಾರುತ್ತ ಗುಡ್ಡ ಹತ್ತುವುದು ಸತ್ತವರಿಗೂ ಅವಮಾನ, ಇದ್ದವರಿಗೂ ಅಪಾಯ. ಆದರೆ ಮೆಟ್ಟಿಲಿಗೆ ನಿಮ್ಮಲ್ಲೇ ಮುರಕಲ್ಲು (ಕೆಂಪು ಕಲ್ಲು) ಇದೆ. ಅಗಲವಾದ, ಎತ್ತರ ಕಡಿಮೆ ಇರುವ ಮುರಕಲ್ಲಿನ ಮೆಟ್ಟಿಲು, ನಡುವೆ ಒಂದು ಕಡೆ ಹೊರೆ ಇಳಿಸಿ ಹೆಗಲು ಬದಲಿಸಲು ಕಟ್ಟೆ, ವಾಪಸ್ ಬರಲು ಬೇರೆ ಕಾಲುದಾರಿ, ಅದರ ತುದಿಯಲ್ಲಿ ನೀರಿನ ನಲ್ಲಿ ಮತ್ತು ಬಟ್ಟೆ ಬದಲಿಸಲು ಮರೆ. ಇಂಟರ್‌ಲಾಕಿನ ತೊಂದರೆ ಏನೆಂದರೆ, ಅದನ್ನು ಹಾಸುವ ಮೊದಲು ಮಣ್ಣನ್ನು ಗಟ್ಟಿಯಾಗಿ ಒತ್ತುತ್ತಾರೆ. ಮರಕ್ಕೆ ಉಣಿಸುವ ಸಣ್ಣ ಬೇರುಗಳೆಲ್ಲ ಮೇಲಿನ ಎರಡು ಅಡಿ ಮಣ್ಣಿನಲ್ಲೇ ಹೆಚ್ಚು. ಮುರಕಲ್ಲಿನ ಗುಡ್ಡದಲ್ಲಿ ಮಣ್ಣಿರುವುದೇ ಅಷ್ಟು. ಗಾಳಿ, ನೀರು ಸಿಗದೆ ಮರ ಕೂಡಲೇ ಸಾಯುವುದಿಲ್ಲ, ನಾಲ್ಕೈದು ವರ್ಷದಲ್ಲಿ ತುದಿಯಿಂದ ಒಣಗುತ್ತ ಬರುತ್ತದೆ. ಆಗ "ಮರ ಅಪಾಯ" ಅಂತ ಕಡಿಯುತ್ತಾರೆ. ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುವ ಜಾಗದಲ್ಲಿ ಆ ನೀರೆಲ್ಲ ಇಂಗದೆ ಕೆಳಗಿನ ತೋಟಕ್ಕೆ ನುಗ್ಗುತ್ತದೆ.

ನೀರಿನ ಮಾತು ಬಂತು. ಕೆಳಗೆ ಬಾವಿ, ಸುರಂಗ (ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದದ್ದು) ಎಷ್ಟು ದೂರದಲ್ಲಿವೆ ಅಂತ ನೀವು ಬರೆದಿಲ್ಲ. ಬ್ರಿಟನ್ನಿನಲ್ಲಿ ಹೂಳುವ ಜಾಗ ಕುಡಿಯುವ ನೀರಿನ ಬಾವಿಯಿಂದ 250 ಮೀಟರ್ ದೂರ ಇರಬೇಕು, ಗುಂಡಿಯ ತಳಕ್ಕೂ ಅಂತರ್ಜಲಕ್ಕೂ ನಡುವೆ ಕನಿಷ್ಠ 1 ಮೀಟರ್ ಇರಬೇಕು ಅನ್ನುತ್ತಾರೆ. ಮನೆಗೊಂದು ಬಾವಿ ಇರುವ ನಮ್ಮ ಕಡೆ 250 ಮೀಟರ್ ಸಿಗುವುದು ಕಷ್ಟ, ಆದರೆ ಅಳತೆ ಮಾಡಿ ಇಟ್ಟುಕೊಳ್ಳಿ. ಹೊಸದಾಗಿ ಹೂಳುವುದು ಸುರಂಗದ ತಲೆಯ ಮೇಲೆ ಬೇಡ.

ಗ್ಯಾಸ್ ಚಿತಾಗಾರಕ್ಕೆ ನನ್ನ ವಿರೋಧ ಇಲ್ಲ. ಒಂದು ಚಿತೆಗೆ ಮೂರು ನಾಲ್ಕು ಕ್ವಿಂಟಾಲ್ ಸೌದೆ ಬೇಕು, ಮನೆ ಹಿತ್ತಿಲ ಮಾವಿನ ಮರ ಇನ್ನು ಎಷ್ಟು ದಿನ ಉಳಿದೀತು? ಐದು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಿದವರಿಗೆ ಬೇರೆ ದಾರಿಯೂ ಇಲ್ಲ. ಅದನ್ನು ರಸ್ತೆ ಬದಿಯ ಬೋಳು ಜಾಗದಲ್ಲಿ ಕಟ್ಟಲಿ. ಮರಗಳ ನಡುವೆಯೇ ಕಟ್ಟಬೇಕು ಎಂಬ ಹಟ ಯಾಕೆ ಅಂತ ಸಭೆಯಲ್ಲಿ ಕೇಳಿ.

ಹಾಗಂತ ಮರವನ್ನು ಮುಟ್ಟಲೇಬಾರದು ಅಂತ ನಾನು ಹೇಳುತ್ತಿಲ್ಲ. ಲಂಡನ್ನಿನ ಹೈಗೇಟ್ ಸ್ಮಶಾನ ಇದಕ್ಕೆ ಒಳ್ಳೆ ಉದಾಹರಣೆ. 1839ರಲ್ಲಿ ಶುರುವಾದದ್ದು, ಕಾರ್ಲ್ ಮಾರ್ಕ್ಸ್ ಇರುವುದು ಅಲ್ಲೇ. ನಡೆಸುತ್ತಿದ್ದ ಕಂಪನಿಯ ಹಣ ಮುಗಿದ ಮೇಲೆ ಕೇಳುವವರಿಲ್ಲದೆ ಆ್ಯಶ್, ಸಿಕಮೋರ್ ಮರಗಳು ತಾವೇ ಹುಟ್ಟಿ ಕಾಡಾಯಿತು. ನೋಡಲು ಚಂದ, ಆದರೆ ಬೇರುಗಳು ಸಮಾಧಿಗಳನ್ನು ಸೀಳಿದವು. 1975ರಲ್ಲಿ ಜನರೇ ಸಂಘ ಕಟ್ಟಿಕೊಂಡು ನೋಡಿಕೊಳ್ಳಲು ಶುರು ಮಾಡಿದರು. ಈಗ ಆ್ಯಶ್ ಮರಗಳಿಗೆ ಶಿಲೀಂಧ್ರ ರೋಗ ಹತ್ತಿದೆ. ಸ್ಮಶಾನಕ್ಕಿಂತಲೂ ಹಳೆಯದಾದ ಒಂದು ದೇವದಾರು ಜಾತಿಯ ಮರ ನಡುವೆ ಇತ್ತು, ಅದರ ಸುತ್ತಲೇ ಸಮಾಧಿಗಳನ್ನು ಕಟ್ಟಿದ್ದರು. 2019ರಲ್ಲಿ ಅದನ್ನೂ ಕಡಿಯಬೇಕಾಯಿತು, ಅದೇ ಜಾಗದಲ್ಲಿ ಅದೇ ಜಾತಿಯ ಎಳೆ ಮರ ನೆಟ್ಟರು. ಬೆಳಕೇ ಬೀಳದ ಅಲ್ಲಿನ ಗೋರಿಗಳ ಒಳಗೆ ಅಪರೂಪದ ಒಂದು ಗುಹೆ ಜೇಡ ಸಿಕ್ಕಿದೆ, ಅದನ್ನೂ ಕಾಪಾಡುತ್ತಿದ್ದಾರೆ. ಇಷ್ಟೆಲ್ಲ ಕಾಳಜಿ ಇದ್ದವರೂ ಹೊಸ ಕಟ್ಟಡ ಒಂದನ್ನು ಸಮಾಧಿಗಳ ತೀರ ಹತ್ತಿರ ಯೋಜಿಸಿದಾಗ, ಅಲ್ಲಿ ತಮ್ಮವರನ್ನು ಹೂಳಿದವರು ಸಿಟ್ಟಿಗೆದ್ದರು. ಎದ್ದದ್ದು ನ್ಯಾಯವೇ.

ನಿಮ್ಮಲ್ಲಿ ಕಡಿಯಬಹುದಾದದ್ದು ಅಕೇಶಿಯಾ. ಆದರೆ ಎಲ್ಲವನ್ನೂ ಒಂದೇ ಬೇಸಿಗೆಯಲ್ಲಿ ಕಡಿದರೆ ಬಿಸಿಲು ಬಿದ್ದ ಜಾಗದಲ್ಲೆಲ್ಲ ಕಮ್ಯುನಿಸ್ಟ್ ಗಿಡ ಎಂಬ ಕಳೆ ತುಂಬಿಕೊಳ್ಳುತ್ತದೆ. ವರ್ಷಕ್ಕೆ ಸ್ವಲ್ಪ ಸ್ವಲ್ಪ ತೆಗೆಯಿರಿ. ಬುಡ ಕೀಳಬೇಡಿ, ಕೆಳಗೆ ಯಾರಿದ್ದಾರೋ. ಆ ನೆರಳಿನಲ್ಲಿ ಆಗಲೇ ಹುಟ್ಟಿರುವ ನೇರಳೆ, ಹೆಬ್ಬಲಸು, ಕಾಟುಮಾವು, ಧೂಪದ ಸಸಿಗಳನ್ನು ಗುರುತು ಮಾಡಿ. ಹಕ್ಕಿ ಬಿತ್ತಿದ್ದು ನರ್ಸರಿಯಿಂದ ತಂದದ್ದಕ್ಕಿಂತ ಚೆನ್ನಾಗಿ ಬರುತ್ತದೆ. ಕೇಪಳೆ, ನೆಕ್ಕರಿಕದಂಥ ಪೊದೆ ಕೆಳಗೆ ಇರಲಿ. ದರಗು (ಒಣ ಎಲೆ) ಗುಡಿಸಿ ಬೆಂಕಿ ಹಾಕುವುದು ಮಾತ್ರ ನಿಲ್ಲಿಸಿ. ಪೊಟರೆ ಇರುವ ಒಣ ಮರ ದಾರಿಯಿಂದ ದೂರ ಇದ್ದರೆ ಹಾಗೇ ಬಿಡಿ, ಗೂಬೆಗೂ ಮಂಗಟ್ಟೆಗೂ ಅದು ಬೇಕು. ದಾರಿಯ ಮೇಲೆ ಬಾಗಿದ ಒಣ ಕೊಂಬೆಯನ್ನು ಏಪ್ರಿಲಿನಲ್ಲೇ ತೆಗೆಸಿ.

ಹಾಲೆಮರ ಕಂಡರೆ ಹುಡುಗರಿಗೆ ಹೆದರಿಕೆ ಅಂದಿರಿ. ಆಟಿ ಅಮಾವಾಸ್ಯೆಯ ಬೆಳಗಿನ ಜಾವ ಅದೇ ಮರದ ತೊಗಟೆ ತಂದು ಕಷಾಯ ಕುಡಿಯುವವರು ನಾವು. ಹುಡುಗರಿಗೆ ಅದನ್ನೂ ಹೇಳಿ. ಹಾವಿಗೆ ಪರಿಹಾರ ದಾರಿಯ ಎರಡೂ ಬದಿ ಒಂದು ಮಾರು ಹುಲ್ಲು ಸವರಿ ಇಡುವುದು, ಅಷ್ಟೇ. ಹಂದಿ ಹೊಸ ಗುಂಡಿ ಅಗೆಯದ ಹಾಗೆ ಮೇಲೆ ಭಾರದ ಕಲ್ಲು, ಅದರ ಮೇಲೆ ಮುಳ್ಳಿನ ಕೊಂಬೆ ಹೇರುವ ಹಳೆಯ ಕ್ರಮ ಈಗಲೂ ಕೆಲಸ ಮಾಡುತ್ತದೆ. ಗುಂಡಿ ಆಳ ಇರಬೇಕು. ಮುರಕಲ್ಲು ಗಟ್ಟಿ ಅಂತ ಅರ್ಧಕ್ಕೆ ನಿಲ್ಲಿಸಿದ ಗುಂಡಿಯನ್ನೇ ಹಂದಿ ಹುಡುಕಿಕೊಂಡು ಬರುವುದು.

ನಮ್ಮ ನಾಗಬನಗಳಿಗೆ ಏನಾಯಿತು ನೋಡಿ. ಮರ, ಬಳ್ಳಿ, ಹುತ್ತ, ಕಲ್ಲು ಎಲ್ಲ ಸೇರಿ ಬನ ಆಗಿತ್ತು. ಜೀರ್ಣೋದ್ಧಾರ ಅಂತ ಹೇಳಿ ಮರ ತೆಗೆದು ಕಾಂಕ್ರೀಟ್ ಕಟ್ಟೆ, ಟೈಲ್ಸ್, ಕಬ್ಬಿಣದ ಬೇಲಿ ಹಾಕಿದರು. ಈಗ ಎಷ್ಟೋ ಕಡೆ ಕಲ್ಲು ಇದೆ, ಬನ ಇಲ್ಲ. ಹಣ ಕೊಟ್ಟವರು ಭಕ್ತಿಯಿಂದಲೇ ಕೊಟ್ಟರು, ಅದು ನನಗೆ ಇನ್ನೂ ಜಾಸ್ತಿ ಬೇಜಾರು. ನಮ್ಮ ಜಿಲ್ಲೆಯ ದಕ್ಷಿಣದಲ್ಲಿ ಕಮ್ಮಾಡಂ ಕಾವು ಇದೆ, ಕೇರಳದ ದೊಡ್ಡ ಕಾವುಗಳಲ್ಲಿ (ದೇವರ ಕಾಡುಗಳಲ್ಲಿ) ಒಂದು. ಅಲ್ಲಿ ಇನ್ನೂ ಕಾಡು ಇದೆ. ಒಮ್ಮೆ ನಿಮ್ಮ ಸಮಿತಿಯವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ.

"ನಮ್ಮವರು ಸತ್ತ ದಿನ ಬಿಟ್ಟರೆ ಅಲ್ಲಿಗೆ ಹೋಗುವವರಲ್ಲ, ಚಂದ ಮಾಡಿ ಯಾರಿಗೆ?" ಅಂತ ನಿಮ್ಮ ಅಣ್ಣ ಕೇಳಿದರಂತೆ. ಹೋಗಲು ದಾರಿ ಇಲ್ಲ, ಕೂರಲು ಜಾಗ ಇಲ್ಲ, ಹೆಂಗಸರಿಗಂತೂ ಹೋಗುವ ಮಾತೇ ಇಲ್ಲ. ಹೀಗಿದ್ದರೆ ಯಾರು ಹೋಗುತ್ತಾರೆ? ಚರ್ಚಿನವರು ನವೆಂಬರ್ 2ರಂದು ಸಮಾಧಿಗಳಿಗೆ ಹೂ ಇಟ್ಟು ಮೇಣದ ಬತ್ತಿ ಹಚ್ಚುವುದನ್ನು ನಾವೆಲ್ಲ ನೋಡಿದ್ದೇವೆ. ಚಿತೆ ಉರಿದ ಜಾಗದಲ್ಲಿ ತೆಂಗಿನ ಸಸಿ ನೆಟ್ಟು ನೀರೆರೆಯುವ ಮನೆಗಳು ನಮ್ಮಲ್ಲೂ ಇವೆ. ಸತ್ತವರ ಹತ್ತಿರ ಹೋಗಿ ಸುಮ್ನೆ ಕೂರುವ ಆಸೆ ನಮ್ಮವರಿಗೆ ಇಲ್ಲ ಅಂತ ನಾನು ಒಪ್ಪುವುದಿಲ್ಲ. ಅಮ್ಮನನ್ನು ಒಮ್ಮೆ ಕೇಳಿ. ಅವರಿಗೆ ಬೇಕು ಅನಿಸಿದರೆ, ಯಾರ ಅನುಮತಿಗೂ ಕಾಯದೆ, ಬೆಳಗ್ಗೆ ಹೊತ್ತಿಗೆ ಕರೆದುಕೊಂಡು ಹೋಗಿ. ಬೇಡ ಅಂದರೆ ಒತ್ತಾಯ ಮಾಡಬೇಡಿ. ಆ ಮರದ ಬುಡಕ್ಕೆ ಕಟ್ಟೆ ಕಟ್ಟುವ ಉತ್ಸಾಹ ಯಾರಿಗಾದರೂ ಬಂದರೆ ತಡೆಯಿರಿ. ಅಲ್ಲಿ ನೆಲ ಅಗೆಯಬಾರದು, ಬುಡಕ್ಕೆ ಮಣ್ಣೂ ಹೇರಬಾರದು. ಕೂರಲು ನಾಲ್ಕು ಮಾರು ಆಚೆ ಒಂದು ಉದ್ದದ ಕಲ್ಲು ಹಾಕಿದರೆ ಸಾಕು.

ಮುಂದಿನ ಕೆಲಸ ಗ್ರಾಮಸಭೆಯದು. ಕೇರಳದಲ್ಲಿ ವಾರ್ಡಿನ ಗ್ರಾಮಸಭೆ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು, ಮತದಾರರಲ್ಲಿ ನೂರಕ್ಕೆ 10 ಮಂದಿ ಹಾಜರಿರಬೇಕು. ನೀವು ಒಬ್ಬರೇ ಹೋಗಬೇಡಿ. ಗುಂಡಿ ತೋಡುವವರನ್ನು, ಅಲ್ಲಿ ಮಕ್ಕಳನ್ನು ಹೂಳಿದ ತಾಯಂದಿರನ್ನು ಜೊತೆಗೆ ಕರೆದುಕೊಂಡು ಹೋಗಿ, ಮರಗಳ ಪಟ್ಟಿಯನ್ನು ಸಭೆಯ ಪುಸ್ತಕದಲ್ಲಿ ದಾಖಲಿಸಲು ಹೇಳಿ. ಸಾರ್ವಜನಿಕ ಜಾಗದ ಮರ ಕಡಿಯುವ ಮೊದಲು ಸಾಮಾಜಿಕ ಅರಣ್ಯ ವಿಭಾಗದವರು ಬಂದು ನೋಡಬೇಕು, ಅವರ ಕೈಗೂ ಒಂದು ಪ್ರತಿ ಕೊಡಿ. ಅರ್ಜಿ ಕನ್ನಡದಲ್ಲೇ ಇರಲಿ. ಇಲ್ಲಿನ ಕನ್ನಡಿಗರು ಸರ್ಕಾರಿ ಕಚೇರಿಗೆ ಕನ್ನಡದಲ್ಲಿ ಬರೆದು ಕನ್ನಡದಲ್ಲೇ ಉತ್ತರ ಪಡೆಯಬಹುದು ಅಂತ 1969ರ ಕೇರಳ ಭಾಷಾ ಕಾಯ್ದೆಯಲ್ಲೇ ಇದೆ. ಪಟ್ಟಿಯನ್ನು ಮೇ ಮುಗಿಯುವುದರೊಳಗೆ ಮಾಡಿಬಿಡಿ. ಮಳೆ ಹಿಡಿದ ಮೇಲೆ ಆ ಗುಡ್ಡದಲ್ಲಿ ಟೇಪು ಹಿಡಿದು ಅಳೆಯಲು ಆಗುವುದಿಲ್ಲ.

— ಸಂಪಾದಕ